ಹತ್ತಿ ಕಾರಖಾನೆಯಲ್ಲಿ ಗುರುಹುಣ್ಣಿಮೆ

ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆದುಹಾಕುವ ಮಾತನ್ನು ತ್ರ್ಯಂಬಕರಾಯರು ಆ ದಿನ ಬೆಳಿಗ್ಗೆ ತುಳಸಿಕಟ್ಟೆಯ ಮುಂದೆ ನಿಂತು ಬಾಯಿಪಾಠ ಮಾಡುತ್ತಿರದಿದ್ದರೆ, ಅವನೇ ತಂದ ತಾಟಿನಲ್ಲಿದ್ದ ಕೆಂಪು ದಾರ ಯಾತಕ್ಕೆ ಎಂದು ಒಂದು ಮಾತು ಕೇಳುತ್ತಿದ್ದರು. ಕೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿದು, ಮಧ್ಯಾಹ್ನ ಕಡಬು ಉಂಡು ಸುಖವಾಗಿ ಒಂದು ನಿದ್ದೆ ತೆಗೆಯಬಹುದಾಗಿತ್ತು.

ರಾಯರು ಹುಬ್ಬಳ್ಳಿಯ ಕುಬೇರಪ್ಪ ಸಾವಕಾರರ ಜಿನ್ನಿನ ಮ್ಯಾನೇಜರರು. ಜಿನ್ನು ಎಂದರೆ ಹತ್ತಿಯ ಬೀಜ ಬಿಡಿಸಿ, ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುವ ಕಾರಖಾನೆ. ಅದರ ಹಿತ್ತಲಿನಲ್ಲೇ ಸಾವಕಾರರು ಕೊಟ್ಟ ಮನೆ. ಆ ಮನೆಯಲ್ಲಿ ಹೆಂಡತಿ ಗೋದಾಬಾಯಿ, ಐದು ಮಕ್ಕಳು, ಮತ್ತು ಸರದಿಯ ಮೇಲೆ ಮಗುವಿನಿಂದ ಮಗುವಿಗೆ ಓಡಾಡಿಕೊಂಡಿದ್ದ ಒಂದು ಕೆಮ್ಮು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಕೆಮ್ಮು ಮಾತ್ರ ಜೊತೆಗೆ ಬರುತ್ತಿತ್ತು.

ಕೆಲಸ ಹೋಗುವ ಮಾತು ಹುಟ್ಟಿದ್ದು ಹಿಂದಿನ ದಿನ. ಗೋದಾಮಿನ ಗುಮಾಸ್ತ ಬಿಂದುಮಾಧವ ಎಂಬ ಧಾರವಾಡದ ತರುಣ ಯಾವುದೋ ರಾಗದ ಗುಂಗಿನಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾಗ, ಹತ್ತಿ ತಂದ ಚಕ್ಕಡಿ ಗಾಡಿಯವರು 'ಇದನ್ನೆಲ್ಲಿ ಸುರೂಣ್ರಿ' ಎಂದು ಕೇಳಿದ್ದಾರೆ. ತಲೆ ಎತ್ತ ದೂಗಿತೋ ಅತ್ತ ಸುರಿದುಹೋಗಿದ್ದಾರೆ. ಹೀಗೆ ಜವಾರಿ ಹತ್ತಿ ಮತ್ತು ವಿಲಾತಿ ಹತ್ತಿ ಎರಡೂ ಕೂಡಿ ಒಂದೇ ಬೆಟ್ಟವಾಗಿ ಕುಳಿತವು. ಕೂಡಿದ ಹತ್ತಿಯನ್ನು ಕೊಳ್ಳುವವರಿಲ್ಲ. ಕುಬೇರಪ್ಪನವರು ಬಂದು ನೋಡಿದರು. ಅವರು ಸಿಟ್ಟು ಬಂದಷ್ಟೂ ದನಿ ಇಳಿಸುವ ಮನುಷ್ಯ, ಆ ದಿನ ಅವರ ಮಾತು ಕೇಳಲು ರಾಯರು ಅವರ ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು.

"ರಾಯರ, ನಾಳಿ ಸಂಜೀಕ ನಾ ಧಾರವಾಡದಿಂದ ಬರೂದ್ರಾಗ ಈ ಹಾಡುಗಾರ ಇಲ್ಲಿರಬಾರ್ದು. ಅವ ಇದ್ರ ನೀವು ಇರೂದಿಲ್ಲ. ಇಬ್ಬರೊಳಗ ಯಾರಂತ ನೀವ ಠರಾಸ್ರಿ."

ರಾಯರು ಈವರೆಗೆ ಯಾರನ್ನೂ ಕೆಲಸದಿಂದ ತೆಗೆದವರಲ್ಲ, ಯಾರಿಗೂ ಕೆಲಸ ಕಲಿಸಿದವರೂ ಅಲ್ಲ. ಅವರ ಮ್ಯಾನೇಜರಿಕೆ ಎಂದರೆ ಗಾಜಿನ ಕಿಟಕಿಯ ಆಫೀಸಿನಲ್ಲಿ ಕುಳಿತು ಗಂಟೆ ಬಾರಿಸುವುದು, ಹುಬ್ಬು ಗಂಟಿಕ್ಕುವುದು, ತಪ್ಪಾದ ಮೇಲೆ 'ನಾ ಮೊದಲ ಹೇಳಿದ್ದಿಲ್ಲೇನು' ಎನ್ನುವುದು. ಮೊದಲು ಹೇಳಿರುತ್ತಿರಲಿಲ್ಲ.

ಅಂದು ಆಷಾಢದ ಹುಣ್ಣಿಮೆ, ಗುರುಹುಣ್ಣಿಮೆ. ಜಿಟಿಜಿಟಿ ಮಳೆ. ಒಳಗೆ ಗೋದಾಬಾಯಿ ಕಡಲೆಬೇಳೆಯ ಕಡಬು ಬೇಯಿಸುತ್ತಿದ್ದರು. ಕಿರಿಯ ಮಗಳು ಅಪ್ಪನ ಕಾಲಿಗೆ ಹಾಗಲಬಳ್ಳಿಯಂತೆ ಸುತ್ತಿಕೊಂಡು ಕೆಮ್ಮುತ್ತಿದ್ದಳು. ರಾಯರು 'ನೋಡಪಾ ಬಿಂದು, ಸಾವಕಾರರ ಮನಸ್ಸಿನಾಗ' ಎನ್ನುವತನಕ ಬಾಯಿಪಾಠ ಮಾಡಿ, ಮುಂದಿನದು ಮರೆತು, ಮತ್ತೆ ಮೊದಲಿನಿಂದ ಶುರುಮಾಡಿದ್ದರು. ಅಷ್ಟರಲ್ಲಿ ಬಿಂದುಮಾಧವನೇ ಬಾಗಿಲಲ್ಲಿ ನಿಂತಿದ್ದ.

ಒಗೆದ ಧೋತರ, ಎಣ್ಣೆ ಹಚ್ಚಿ ಬಾಚಿದ ಉದ್ದ ಕೂದಲು, ಕೈಯಲ್ಲಿ ಹಿತ್ತಾಳೆಯ ತಾಟು. ತಾಟಿನಲ್ಲಿ ತೆಂಗಿನಕಾಯಿ, ಬೆಲ್ಲ, ಪುಠಾಣಿ ಎಂಬ ಹುರಿಗಡಲೆ, ಹೂ, ಕೆಂಪು ದಾರ. ಬಂದವನೇ ರಾಯರ ಕಾಲು ಮುಟ್ಟಿ ಎದ್ದು, ಒಂದು ಮಾತು ಹೇಳಬೇಕಾಗಿತ್ತು ಎಂದ. ಅವನ ಕಣ್ಣಂಚು ಹಸಿಯಾಗಿತ್ತು.

ಸುದ್ದಿ ತಿಳಿದು ಅಂಗಲಾಚಲು ಬಂದಿದ್ದಾನೆ ಎಂದುಕೊಂಡರು ರಾಯರು. ಅಳುವವರ ಮುಂದೆ ಅವರು ಬಿಸಿಲಿಗಿಟ್ಟ ಬೆಣ್ಣೆ. ಹೇಗಾದರೂ ಮಾಡಿ ಈ ಮಾತು ಮನೆಯಲ್ಲಿ ಆಗದಂತೆ ನೋಡಿಕೊಳ್ಳಬೇಕು. ಬಾಯಿ ತುಂಬಿದರೆ ಮಾತು ನಿಲ್ಲುತ್ತದೆ ಎನ್ನುವುದು ಐದು ಮಕ್ಕಳ ತಂದೆಗೆ ಗೊತ್ತಿರುವ ಉಪಾಯ. ತಾಟಿನಿಂದ ಬೆಲ್ಲ ಪುಠಾಣಿ ತೆಗೆದು ಅವನ ಬಾಯಿಗೆ ತುರುಕಿದರು. ದಾರ ಯಾವುದೋ ಗುಡಿಯದಿರಬೇಕು, ಹಬ್ಬದ ದಿನ ಹಿರಿಯರ ಕೈಯಿಂದ ಕಟ್ಟಿಸಿಕೊಳ್ಳಲು ತಂದಿರಬೇಕು ಎಂದುಕೊಂಡು ಅದನ್ನೂ ಲಗುಬಗೆಯಿಂದ ಅವನ ಬಲಗೈಗೆ ಸುತ್ತಿ ಗಂಟು ಹಾಕಿದರು. "ಛಲೋ ಆಗಲಿ, ಹೋಗು, ಉಳಿದದ್ದು ಆಫೀಸಿನ್ಯಾಗ" ಎಂದು ಬೆನ್ನು ತಟ್ಟಿದರು.

ಬಿಂದುಮಾಧವ ಸಿಡಿಲು ಬಡಿದ ಮರದಂತೆ ನಿಂತ. ಒಮ್ಮೆ ಕೈ ನೋಡಿಕೊಂಡ, ಒಮ್ಮೆ ರಾಯರ ಮುಖ ನೋಡಿದ. ಬಾಯ ತುಂಬ ಪುಠಾಣಿ, ಕಣ್ಣ ತುಂಬ ನೀರು. ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಅಂಗಳ ದಾಟಿ ಹೋದ.

ಒಳಗಿನಿಂದ ಗೋದಾಬಾಯಿ ಸೌಟು ಹಿಡಿದುಕೊಂಡೇ ಹೊರಬಂದರು. ಅವರದು ಗವಾಯಿಗಳು ಬಂದು ಇಳಿಯುತ್ತಿದ್ದ ಧಾರವಾಡದ ತವರುಮನೆ.

"ಏನ್ ಮಾಡಿದ್ರಿ ಇದು? ಅವಗ ಗಂಡಾ ಕಟ್ಟಿದ್ರೆಲಾ."

ರಾಯರಿಗೆ ತಿಳಿಯಲಿಲ್ಲ. ಗೋದಾಬಾಯಿ ಬಿಡಿಸಿ ಹೇಳಿದರು. ಹಾಡು ಕಲಿಸುವ ಉಸ್ತಾದರು ಶಿಷ್ಯನನ್ನು ಒಪ್ಪಿಕೊಳ್ಳುವಾಗ ಹೀಗೆಯೇ ಕೆಂಪು ದಾರ ಕಟ್ಟಿ, ಬಾಯಿಗೆ ಬೆಲ್ಲ ಪುಠಾಣಿ ಇಡುತ್ತಾರೆ. ಆ ದಾರಕ್ಕೇ ಗಂಡಾ ಎನ್ನುತ್ತಾರೆ. ಅಲ್ಲಿಂದ ಮುಂದೆ ಶಿಷ್ಯ ಹೊಟ್ಟೆಯ ಮಗನಿದ್ದಂತೆ.

"ಅವಗ ಉಣ್ಣಲಿಕ್ಕೆ ಹಾಕಬೇಕು, ವಿದ್ಯಾ ಹಾಕಬೇಕು. ದಾರ ಕಟ್ಟಿದ ಗುರು ಶಿಷ್ಯನ್ನ ಹೊರಗ ಹಾಕಿದ್ರ ಆ ಮನ್ಯಾಗ ಸರಸ್ವತಿ ನಿಲ್ಲೂದಿಲ್ಲಂತ ನಮ್ಮಪ್ಪ ಹೇಳ್ತಿದ್ರು. ಮನಿ ತುಂಬ ಸಾಲಿಗೆ ಹೋಗೂ ಮಕ್ಕಳವ, ನೆನಪಿರಲಿ."

"ಅಲ್ಲ, ನನಗ ಹಾಡಲಿಕ್ಕೆ ಎಲ್ಲಿ ಬರ್ತದ?"

"ಹಾಡಿನ ಮಾತಲ್ಲರಿ. ಕಟ್ಟಿದ ಮಾತು."

ರಾಯರು ಮಳೆಯಲ್ಲೇ ನಿಂತರು. ಸಣ್ಣವರಿದ್ದಾಗ ಧಾರವಾಡದಲ್ಲಿ ಒಮ್ಮೆ ನೋಡಿದ್ದು ಕಣ್ಣಿಗೆ ಕಟ್ಟಿತು. ಒಬ್ಬ ಮುದುಕ ಗವಾಯಿ ಬಿಸಿಲಿನಲ್ಲಿ ನಡೆಯುತ್ತಿದ್ದರು. ಅವರ ನೆರಳು ತುಳಿಯಬಾರದೆಂದು ಶಿಷ್ಯ ದಾರಿಯ ಬದಿಯ ಮುಳ್ಳಿನಲ್ಲಿ ನಡೆಯುತ್ತಿದ್ದ. ಗವಾಯಿ ತಮ್ಮ ಕೊಡೆಯನ್ನು ಅವನ ಕಡೆಗೆ ಚಾಚಿ, ತಾವು ಬಿಸಿಲಲ್ಲಿ ನಡೆಯುತ್ತಿದ್ದರು. ಆ ನೋಟಕ್ಕೆ ಅಂದು ಮೈ ಜುಮ್ಮೆಂದದ್ದು ಇಂದಿಗೂ ಆರಿರಲಿಲ್ಲ. ಅಂಥ ಗಂಟನ್ನು ತಾವು, ಅರ್ಧ ಮರೆತ ಬಾಯಿಪಾಠದ ನಡುವೆ, ಕಾಲಿಗೆ ಕೂಸು ಕಟ್ಟಿಕೊಂಡು ಹಾಕಿಬಿಟ್ಟಿದ್ದರು.

ಕಾರಖಾನೆಗೆ ರಾಯರಿಗಿಂತ ಮೊದಲು ಸುದ್ದಿ ಮುಟ್ಟಿತ್ತು. ಇಂಜಿನಿನ ಫಿಟ್ಟರ ಮಕಬೂಲಸಾಬ ಗೇಟಿನಲ್ಲೇ ಎಣ್ಣೆಗೈ ಒರೆಸಿಕೊಂಡು ನಿಂತಿದ್ದ. ದಿನಾ ಒಂದು ಸಲಾಮು ಹಾಕುವವನು ಇವತ್ತು ಬಾಗಿ, ಎದೆಯ ಮೇಲೆ ಕೈಯಿಟ್ಟ. ಬೀಜ ಬಿಡಿಸುವ ಯಂತ್ರಗಳ ಮೇಲೆ ಕೂರುವ ಹೆಂಗಸರ ಮುಂದಾಳು ಶಿವಬಸವ್ವ. ರಾಯರ ಬೈಗುಳಕ್ಕೆ ಎಂದೂ ಸೊಪ್ಪು ಹಾಕದವಳು ಇವತ್ತು ಸೆರಗು ಹೊದ್ದು ದಾರಿ ಬಿಟ್ಟಳು. ಬಿಟ್ಟವಳೇ ಪಕ್ಕದವಳ ಕಿವಿಯಲ್ಲಿ, ರಾಯರಿಗೆ ಕಲಿಸಾಕ ಬರೂದು ಗಂಟೀ ಬಾರಿಸೂದೊಂದ, ಹುಡುಗ ಅದನ್ನ ಛಲೋ ಕಲೀತೈತಿ ಬಿಡು, ಎಂದಳು. ರಾಯರಿಗೂ ಕೇಳುವಂತೆ ಎಂದಳು.

ಆಫೀಸಿಗೆ ಹೋಗಿ ಕುಳಿತರೆ ಬಿಂದುಮಾಧವ ಚಪ್ಪಲಿ ಹೊರಗೆ ಬಿಟ್ಟು ಬಂದು, ಖುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ರಾಯರು ಗಂಟಲು ಸರಿ ಮಾಡಿಕೊಂಡು, ನೋಡಪಾ ಬಿಂದು, ಎಂದರು. ಅವನು ಮುಖ ಎತ್ತಿ ನೋಡಿದ. ಅದು ಹಾಲಿನ ಬಟ್ಟಲು ಕಂಡ ಬೆಕ್ಕಿನ ಮರಿಯ ನೋಟ. ರಾಯರು ಮುಂದಿನ ಮಾತು ನುಂಗಿ, ನೋಡಪಾ, ಕಿಡಕಿ ಹಾಕು, ಮಳಿ ಒಳಗ ಬರ್ತದ, ಎಂದರು. ಅವನು ಎದ್ದು ಹೋಗಿ, ಗುರುವಿನ ಮೊದಲ ಅಪ್ಪಣೆ ಎಂಬಂತೆ ಕಿಟಕಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹಾಕಿ ಬಂದ.

ಹೀಗೆ ಆಗುವುದಿಲ್ಲ ಎಂದು ರಾಯರು ಇಂಜಿನಿನ ಮನೆಗೆ ಹೋದರು. ಮಕಬೂಲಸಾಬ ಸಂಗೀತದ ಹುಚ್ಚಿನವ, ಅವನಿಗೆ ಈ ಕಾನೂನು ಗೊತ್ತಿರಬೇಕು. ಇಂಜಿನಿನ ಗದ್ದಲದಲ್ಲಿ ಗುಟ್ಟನ್ನು ಕೂಗಿಯೇ ಕೇಳಬೇಕಾಯಿತು. ಗಂಡಾ ಬಿಚ್ಚುವ ದಾರಿ ಏನಾದರೂ ಉಂಟೇ?

"ಬಿಚ್ಚೂ ಮಾತ ಇಲ್ರಿ ರಾಯರ. ಶಾಗಿರ್ದ ತಾನಾಗಿ ಹೋಗೂದಿಲ್ಲ, ಉಸ್ತಾದ ದಬ್ಬೂದಿಲ್ಲ. ಒಂದ ದಾರಿ ಐತಿ. ವಿದ್ಯಾ ಪೂರಾ ಆದ್ರ ಉಸ್ತಾದ ತಲಿ ಮ್ಯಾಲೆ ಕೈ ಇಟ್ಟು, ಹೋಗು ಬೇಟಾ, ಲೋಕಕ್ಕ ತೋರಸು ಅಂತ ಕಳಸ್ತಾನ."

"ಪೂರಾ ಆಗಲಿಕ್ಕೆ ಎಷ್ಟು ದಿನ ಬೇಕು?"

"ನಮ್ಮ ಕಾಕಾ ಗಡ್ಡ ಬೆಳ್ಳಗಾಗೂತನಕ ಕಲ್ತಾರ್ರಿ. ಪೂರಾ ಆಗೂದ್ರಾಗ ಉಸ್ತಾದ್ರ ತೀರಿಕೊಂಡ್ರು."

"ನಮ್ಮದು ಸಂಜೀ ಒಳಗ ಆಗಬೇಕು" ಎಂದರು ರಾಯರು.

ಹಾಗೆ ರಾಯರು ಜೀವನದಲ್ಲಿ ಮೊದಲ ಸಲ ಒಬ್ಬನಿಗೆ ಕೆಲಸ ಕಲಿಸಲು ಹೊರಟರು. ಕಲಿಸುತ್ತಿದ್ದುದು ಅವನನ್ನು ಸಂಜೆಗೆ ಹೊರಗೆ ಹಾಕಲು. ಮೊದಲು ತಕ್ಕಡಿ. ದೊಡ್ಡ ತೊಲೆಯ ತಕ್ಕಡಿಯ ಒಂದು ಕಡೆ ಚೀಲ, ಇನ್ನೊಂದು ಕಡೆ ಕಲ್ಲು, ನಡುವಿನ ಮುಳ್ಳು ನೋಡಬೇಕು. ಬಿಂದುಮಾಧವ ಮುಳ್ಳು ನೋಡಲಿಲ್ಲ, ತೊಲೆಯ ಕಿರ್ ಎನ್ನುವ ಶಬ್ದ ಕೇಳಿದ. ಇದು ಥೇಟ ಪಂಚಮ ಸ್ವರ ಅದರಿ, ಎಂದು ಕಣ್ಣು ಮುಚ್ಚಿದ. ಕಲ್ಲು ಜಾರಿ, ತೊಲೆ ಮೇಲೆದ್ದು, ಆಚೆ ಕಡೆಯ ಚೀಲ ಹಮಾಲರ ಬುತ್ತಿಯ ಮೇಲೆ ಕುಳಿತಿತು. ಆ ಬುತ್ತಿ ಬಿಚ್ಚಿ ನೋಡಿದಾಗ ರೊಟ್ಟಿ ಯಾವುದು, ಬಟ್ಟೆ ಯಾವುದು ತಿಳಿಯುವಂತಿರಲಿಲ್ಲ.

ನಂತರ ಅಂಡಿಗೆಗೆ ಪಟ್ಟಿ ಬಿಗಿಯುವುದು. ಬಿಂದುಮಾಧವ ಎಷ್ಟು ಶ್ರದ್ಧೆಯಿಂದ ಬಿಗಿದನೆಂದರೆ ತನ್ನ ಉತ್ತರೀಯವೂ ಅಂಡಿಗೆಯ ಒಳಗೇ ಉಳಿಯಿತು. ಒಂದು ತುದಿ ಒಳಗೆ, ಒಂದು ತುದಿ ಕುತ್ತಿಗೆಯಲ್ಲಿ. ರಾಯರು ಬಗ್ಗಿ ಕೊಯ್ದು ಬಿಡಿಸುವಾಗ ಹೆಂಗಸರು ಯಂತ್ರದ ಮೇಲಿಂದಲೇ ಒಂದೊಂದು ಸಲಹೆ ಕೊಟ್ಟರು. ಗುರುಗಳಿಗೇ ಈ ಕೆಲಸ ಬರುತ್ತದೆಯೋ ಇಲ್ಲವೋ ಒಮ್ಮೆ ನೋಡಿಬಿಡಿ ಎನ್ನುವುದು ಶಿವಬಸವ್ವನ ಸಲಹೆ. ಪಟ್ಟಿ ಬಿಗಿಯುವುದನ್ನು ರಾಯರೂ ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಮಧ್ಯಾಹ್ನ ದಾಟಿತು. ಕಡಬು ಮನೆಯಲ್ಲೇ ಆರಿತು. ಉಳಿದದ್ದು ಗೋದಾಮು. ಕೂಡಿಹೋದ ಹತ್ತಿಯ ಬೆಟ್ಟದ ಮೇಲೆ ಒಂದು ಹಲಗೆ ಹಾಸಿದ್ದರು. ಅದರ ಮೇಲೆ ನಿಂತು ರಾಯರು, ನೋಡು, ನಿನ್ನ ಪ್ರತಾಪ, ಎಂದು ಕೈ ಬೀಸಿದರು. ಬಿಂದುಮಾಧವ ತಪ್ಪೊಪ್ಪಿ ಕಾಲಿಗೆ ಬೀಳಲು ಬಗ್ಗಿದ. ಹಲಗೆ ತಿರುಗಿತು. ಗುರುಶಿಷ್ಯರಿಬ್ಬರೂ ಹತ್ತಿಯೊಳಗೆ ಕುತ್ತಿಗೆಯತನಕ ಮುಳುಗಿದರು.

ಎದ್ದೇಳಲು ಒದ್ದಾಡಿದಷ್ಟೂ ಒಳಗೆ ಇಳಿದರು. ಕೊನೆಗೆ ರಾಯರು ಸುಮ್ಮನಾದರು. ರಾತ್ರಿಯೆಲ್ಲ ಕೂಸನ್ನು ಎತ್ತಿಕೊಂಡು ತಿರುಗಾಡಿ, ಬೆಳಗಿನ ಜಾವ ಇನ್ನು ಆಗುವುದಿಲ್ಲ ಎಂದು ಗೋಡೆಗೆ ಒರಗುವ ತಾಯಿಯ ಸುಮ್ಮನಿರುವಿಕೆ ಅದು. ಮೇಲಿನ ಹಂಚಿನ ಸಂದಿಯಿಂದ ಮಳೆಗಾಲದ ಮಂದ ಬೆಳಕು ಇಳಿಯುತ್ತಿತ್ತು. ಸುತ್ತ ಬಿಳುಪು. ಎರಡೂ ಕೈ ಹತ್ತಿಯೊಳಗೆ. ಬೆರಳಿಗೆ ಸಿಕ್ಕ ಒಂದು ತೊಳೆಯನ್ನು ಬೀಜದಿಂದ ಬಿಡಿಸಿ ಎಳೆಯುತ್ತ, ಯಾರಿಗೂ ಅಲ್ಲದಂತೆ, ಇದು ವಿಲಾತಿ, ಎಂದರು. ಇನ್ನೊಂದು ಸಿಕ್ಕಿತು. ಇದು ಜವಾರಿ.

"ನೋಡದ ಹ್ಯಾಂಗ ಗೊತ್ತಾತ್ರಿ?"

ರಾಯರು ತಿರುಗಿ ನೋಡಿದರು. ಈ ಪ್ರಶ್ನೆಯನ್ನು ಯಾರೂ ಈವರೆಗೆ ಅವರಿಗೆ ಕೇಳಿರಲಿಲ್ಲ. ಸಾವಕಾರರು ಯಾವುದು ಎಂದು ಕೇಳುತ್ತಿದ್ದರು, ದಲಾಲರು ಎಷ್ಟು ಎಂದು ಕೇಳುತ್ತಿದ್ದರು. ಹೇಗೆ ಎಂದು ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ. ಉತ್ತರ ಬಾಯಲ್ಲಿ ಇರಲಿಲ್ಲ. ಬೆರಳಲ್ಲಿತ್ತು. ರಾಯರು ಕಣ್ಣು ಮುಚ್ಚಿ, ಮತ್ತೊಂದು ತೊಳೆ ಎಳೆದು, ಬೆರಳು ಏನು ಹೇಳುತ್ತದೆ ಎಂದು ತಾವೇ ಆಲಿಸಿದರು.

ವಿಲಾತಿಯದು ಉದ್ದ, ಎಳೆದರೆ ಜಾರಿ ಜಾರಿ ಬರುತ್ತದೆ, ಕೊನೆಗೆ ಬಿಟ್ಟದ್ದೇ ತಿಳಿಯುವುದಿಲ್ಲ. ಜವಾರಿ ಗಿಡ್ಡ, ಒರಟು, ಬಿಡುವ ಮುಂಚೆ ಒಮ್ಮೆ ಹಟ ಮಾಡುತ್ತದೆ. ಇಷ್ಟು ಹೇಳುವುದರಲ್ಲಿ ರಾಯರಿಗೆ ಬೆವರು ಬಂತು. ಹೇಳಿದ್ದು ಅವರಿಗೇ ಹೊಸತಾಗಿ ಕೇಳಿಸಿತು. ಇಷ್ಟೆಲ್ಲ ಈ ಕೈಯಲ್ಲಿ ಯಾವಾಗ ಬಂದು ಕುಳಿತಿತು?

ಬಿಂದುಮಾಧವ ಎರಡು ತೊಳೆ ಹಿಡಿದು ಕಣ್ಣು ಮುಚ್ಚಿದ. ಈ ಸಲ ಅವನು ಕಣ್ಣು ಮುಚ್ಚಿದ್ದು ರಾಗಕ್ಕಲ್ಲ. ಬಹಳ ಹೊತ್ತು ಎಳೆದ. ಆಮೇಲೆ ಮೆಲ್ಲಗೆ, ತಂಬೂರಿಯ ಎರಡು ತಂತಿ ಇದ್ದಂಗ ಅದರಿ, ಎಂದ. ಒಂದು ಬೆರಳು ಬಿಟ್ಟ ಮೇಲೂ ನಿಲ್ಲುತ್ತದೆ, ಇನ್ನೊಂದು ಬಿಟ್ಟಕೂಡಲೇ ಮುಗಿಯುತ್ತದೆ. ರಾಯರು ಒಂದು ತೊಳೆ ಕೊಟ್ಟರು. ವಿಲಾತಿ ಎಂದ. ಇನ್ನೊಂದು ಕೊಟ್ಟರು. ಜವಾರಿ ಎಂದ. ಮತ್ತೆ ಕೊಟ್ಟರು, ಮತ್ತೆ ಕೊಟ್ಟರು. ಅವನು ತಪ್ಪಲಿಲ್ಲ. ನಿನ್ನೆ ತಲೆದೂಗಿ ಇದೇ ಬೆಟ್ಟವನ್ನು ಕೂಡಿಸಿಟ್ಟವನ ಕೈ ಇವತ್ತು ಕತ್ತಲಲ್ಲೂ ಬೇರೆ ಮಾಡಬಲ್ಲುದಾಗಿತ್ತು.

ಹಿರಿಯ ಮಗ ಗೋಡೆ ಬಿಟ್ಟು ಮೊದಲ ಹೆಜ್ಜೆ ಇಟ್ಟ ದಿನ ರಾಯರಿಗೆ ನೆನಪಾಯಿತು. ಕೊಟ್ಟದ್ದು ತಮ್ಮ ಕೈಯಿಂದ ಕಡಿಮೆಯಾಗಲಿಲ್ಲ, ಅವನ ಕೈಯಲ್ಲಿ ಮಾತ್ರ ಹುಟ್ಟಿತು. ಇದೆಂಥ ಕೊಡುವುದು? ಇಷ್ಟು ವರ್ಷ ಗಂಟೆ ಬಾರಿಸುತ್ತ ಕುಳಿತವರಿಗೆ ಇದು ಗೊತ್ತೇ ಇರಲಿಲ್ಲ.

"ಹತ್ತಿ ಅಂದ್ರ ನನಗೂ ಇನ್ನೂ ಅರ್ಧ ತಿಳದಿಲ್ಲ ಬಿಂದು" ಎಂದರು.

ಮೇಲಿನಿಂದ ಹಗ್ಗ ಇಳಿಯಿತು. ಶಿವಬಸವ್ವ ಮತ್ತು ಹೆಂಗಸರು ಎಳೆದು ಹಾಕಿದಾಗ, ಹರಿದ ಗಾದಿಯೊಳಗಿಂದ ಮನುಷ್ಯ ಹೊರಬಂದಂತೆ ರಾಯರು ಹೊರಬಂದರು. ಯಾರೂ ನಗಲಿಲ್ಲ. ಅವರು ಆಗಲೇ ಮೇಲಿನಿಂದ ಎಲ್ಲ ನೋಡಿದ್ದರು.

"ರಾಯರ, ಇದನ್ನ ನಮಗೂ ಮೊದಲ ಹೇಳಿದ್ರ ಈ ಗುಡ್ಡ ಬೀಳೂಮುಂದ ನಾವ ಆಚೀಕ ಈಚೀಕ ಮಾಡ್ತಿದ್ವಿ" ಎಂದಳು ಶಿವಬಸವ್ವ. "ನಮಗೇನ ಬೆರಳಿಲ್ಲೇನ್ರಿ?"

ರಾಯರ ಬಾಯಿಗೆ 'ನಾ ಮೊದಲ ಹೇಳಿದ್ದಿಲ್ಲೇನು' ಎಂಬ ಹಳೆಯ ಮಾತು ಬಂತು, ಹೊರಗೆ ಬರಲಿಲ್ಲ. ಅವಳ ಕೈಗೆ ಒಂದು ತೊಳೆ ಇಟ್ಟರು. ಆಮೇಲೆ ಪಕ್ಕದವಳ ಕೈಗೆ. ಬೆಟ್ಟದ ಸುತ್ತ ಎಲ್ಲರೂ ಕುಳಿತರು. ಆಚೆ ವಿಲಾತಿ, ಈಚೆ ಜವಾರಿ ಬೀಳತೊಡಗಿತು. ರಾಯರು ಒಬ್ಬೊಬ್ಬರ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಬೆರಳು ತಿದ್ದಿದರು. ಅವರ ಮಾತು ಕೇಳಿಸುತ್ತಿಲ್ಲವೆಂದು ಮಕಬೂಲಸಾಬ ಯಾರನ್ನೂ ಕೇಳದೆ ಇಂಜಿನನ್ನೇ ನಿಲ್ಲಿಸಿ ಬಂದು ತಾನೂ ಕುಳಿತ. ಕೆಲಸದ ದಿನ ಆ ಕಾರಖಾನೆಯಲ್ಲಿ ಅಂಥ ನಿಶ್ಶಬ್ದ ಯಾರೂ ಕೇಳಿರಲಿಲ್ಲ. ಹಂಚಿನ ಮೇಲೆ ಮಳೆ, ಬೆರಳ ನಡುವೆ ಹತ್ತಿ ಹರಿಯುವ ಸಣ್ಣ ಸದ್ದು, ಬೇರೆ ಏನೂ ಇಲ್ಲ. ಗುಡಿಯಲ್ಲಿ ಕುಳಿತಂತೆ ಎಲ್ಲರೂ ಕುಳಿತಿದ್ದರು.

ಆ ನಿಶ್ಶಬ್ದದಲ್ಲಿ ಗೇಟಿನ ಹತ್ತಿರ ಮೋಟಾರಿನ ಹಾರ್ನು ಕೇಳಿಸಿತು.

ರಾಯರ ಕೈಯ ಹತ್ತಿ ಕೆಳಗೆ ಬಿತ್ತು. ಸಂಜೆಯಾಗಿತ್ತು, ಸಾವಕಾರರು ಬಂದಿದ್ದರು. ಇಂಜಿನು ನಿಂತಿತ್ತು, ಮಂದಿಯೆಲ್ಲ ನೆಲದ ಮೇಲೆ ಕುಳಿತಿದ್ದರು, ಹೊರಗೆ ಹೋಗಬೇಕಾಗಿದ್ದವನು ಎಲ್ಲರ ನಡುವೆ ಇದ್ದ. ಹೆಂಡತಿ, ಮಕ್ಕಳು, ಕೆಮ್ಮು ಎಲ್ಲವನ್ನೂ ಒಂದು ಚಕ್ಕಡಿಯಲ್ಲಿ ಹೇರಿ ಹೊರಟ ಚಿತ್ರ ಕಣ್ಣ ಮುಂದೆ ಸುಳಿಯಿತು. ಆದರೂ ಎದ್ದು ನಿಂತಾಗ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಇವನನ್ನು ಕಳಿಸುವುದಿಲ್ಲ. ಹೋಗುವುದಾದರೆ ತಾವೇ.

ಕುಬೇರಪ್ಪನವರು ಕೈಯಲ್ಲಿ ದೊಡ್ಡ ಹೂವಿನ ಹಾರ ಹಿಡಿದುಕೊಂಡು ಒಳಗೆ ಬಂದರು. ಮುಖದ ತುಂಬ ನಗೆ. ದನಿಯೂ ಏರಿತ್ತು, ಅಂದರೆ ಸಿಟ್ಟಿರಲಿಲ್ಲ. ಬಿಂದುಮಾಧವನನ್ನು ನೋಡಿ ನಿಂತರು.

"ಇನ್ನೂ ಇಲ್ಲೇ ಅದೀಯೇನೋ ಮಾರಾಯಾ? ಸ್ಟೇಶನ್ನಿನ್ಯಾಗ ನಿಮ್ಮ ಕಂಪನಿ ಮಂದಿ ಹಾದಿ ನೋಡತಿರಬೇಕು."

ಯಾವ ಕಂಪನಿ ಎಂದು ರಾಯರು ಕೇಳಿದರು. ಸಾವಕಾರರು ಉತ್ಸಾಹದಿಂದ ಹೇಳಿದರು. ಧಾರವಾಡದಲ್ಲಿ ನಾಟಕ ಕಂಪನಿಯ ಮಾಲಕರು ಭೆಟ್ಟಿಯಾಗಿದ್ದರಂತೆ. ಬಿಂದುಮಾಧವನನ್ನು ಅವರು ಹಾಡಲು ತೆಗೆದುಕೊಂಡಿದ್ದಾರಂತೆ, ಇವತ್ತಿನ ಸಂಜೆ ಗಾಡಿಗೆ ಸೊಲ್ಲಾಪುರಕ್ಕೆ ಹೊರಟಿದ್ದಾರಂತೆ. ಆಗಿನ್ನೂ ಊರಿಗೆ ನಾಟಕ ಕಂಪನಿ ಬಂದರೆ ಜನ ಎತ್ತು ಮಾರಿ ಟಿಕೀಟು ಕೊಳ್ಳುತ್ತಿದ್ದ ಕಾಲ. ಅಂಥ ಕಂಪನಿಗೆ ಹೋಗುವವನನ್ನು ಕೆಲಸದಿಂದ ತೆಗೆಯುವುದೇನು ಬಂತು, ಹಾರ ಹಾಕಿ ಕಳಿಸಿದರಾಯಿತು ಎಂದು ಅವರು ಹಾರ ತಂದಿದ್ದರು.

"ನಿನ್ನಿ ಆಡಿದ ಮಾತು ಮರತಬಿಡ್ರಿ ರಾಯರ. ಅವ ತಾನ ಹೊಂಟಾನ. ನಿಮ್ಮ ಮ್ಯಾನೇಜರಕಿ ನಿಮಗ."

ರಾಯರು ಬಿಂದುಮಾಧವನ ಕಡೆ ತಿರುಗಿದರು. ಅವನು ಕೈ ಮುಗಿದು ಮುಂದೆ ಬಂದ.

"ಖರೇ ಅದರಿ ಸಾವಕಾರ್ರ. ಹೋಗ್ತೇನಿ ಅಂತ ಹೇಳಲಿಕ್ಕೇ ಬೆಳಿಗ್ಗೆ ರಾಯರ ಮನಿಗೆ ಹೋಗಿದ್ದೆ. ಕಂಪನಿ ಗವಾಯಿಗಳು ಇವತ್ತ ನನಗ ಗಂಡಾ ಕಟ್ಟೋರಿದ್ರು. ದಾರ, ಬೆಲ್ಲ ಅವರ ಸಲುವಾಗಿ ತಂದಿದ್ದೆ. ನಾ ಇನ್ನೂ ಬಾಯಿ ತಗದಿದ್ದಿಲ್ಲ, ರಾಯರು ತಾವ ದಾರ ತಗೊಂಡು ಕಟ್ಟಿಬಿಟ್ರು. ನಾ ಹೊಂಟದ್ದು ಅವರಿಗೆ ಹ್ಯಾಂಗ ತಿಳೀತೋ ದೇವರಿಗೆ ಗೊತ್ತು. ಇಂಥಾ ಹುಂಬನ್ನ ಯಾರರ ಬೇಕಂತ ಹಿಡದು ನಿಲ್ಲಸ್ತಾರೇನ್ರಿ? ಒಂದು ಕೈಗೆ ಎರಡು ಗಂಡಾ ಆಗೂದಿಲ್ಲ. ಮಧ್ಯಾಹ್ನನ ಕಂಪನಿಗೆ ಬರೂದಿಲ್ಲಂತ ಹೇಳಿ ಕಳಿಸೇನಿ."

ರಾಯರು ಬೆಳಗಿನಿಂದ ಆದದ್ದನ್ನು ಲೆಕ್ಕ ಹಾಕಿದರು. ಬಾಯಿಗೆ ಪುಠಾಣಿ ತುರುಕದಿದ್ದರೆ ಈ ಹೊತ್ತಿಗೆ ಅವನು ಸ್ಟೇಶನ್ನಿನಲ್ಲಿರುತ್ತಿದ್ದ. ತಾವು ಉಂಡು ಮಲಗಿರುತ್ತಿದ್ದರು. ಇನ್ನೂ ಹೊತ್ತು ಮೀರಿಲ್ಲ ಎಂದು ಗಡಬಡಿಸಿ ಅವನ ತಲೆಯ ಮೇಲೆ ಕೈಯಿಟ್ಟರು. ನಿನ್ನ ವಿದ್ಯಾ ಪೂರಾ ಆತು ಬಿಂದು, ಹೋಗು, ಲೋಕಕ್ಕ ತೋರಸು, ಎಂದರು.

"ಹತ್ತಿ ನಿಮಗ ಇನ್ನೂ ಅರ್ಧ ತಿಳದಿಲ್ಲಂತ ನೀವ ಅಂದ್ರೆಲಾ ರಾಯರ. ನಿಮಗ ಮುಗೀಲಾರದ್ದು ನನಗ ಹ್ಯಾಂಗ ಮುಗದೀತು?"

ಮಕಬೂಲಸಾಬ ಕಣ್ಣೊರೆಸಿಕೊಂಡ.

ಕುಬೇರಪ್ಪನವರು ಹೋಗಿ ರಾಶಿಯಿಂದ ಎರಡು ಮುಷ್ಟಿ ಹತ್ತಿ ತಂದು, ಬಿಂದುಮಾಧವನ ಕಣ್ಣಿಗೆ ತಮ್ಮ ರುಮಾಲು ಕಟ್ಟಿ, ಎರಡೂ ಕೈಯಲ್ಲಿಟ್ಟರು. ಅವನು ಎಳೆದು ನೋಡಿ, ಎರಡೂ ಜವಾರಿ ಅದಾವ್ರಿ, ಎಂದ. ಎರಡೂ ಜವಾರಿಯೇ ಆಗಿದ್ದವು. ಸಾವಕಾರರು ಬೇರೆಯಾಗಿ ನಿಂತ ಎರಡು ರಾಶಿಗಳನ್ನು ನೋಡಿದರು, ನೆಲದ ಮೇಲೆ ಕುಳಿತ ಹೆಂಗಸರ ಬೆರಳುಗಳನ್ನು ನೋಡಿದರು. ಮೈತುಂಬ ಹತ್ತಿ ಮೆತ್ತಿಕೊಂಡು ಗುಡಿಯ ಗೋಪುರದ ಮೂರ್ತಿಯಂತೆ ನಿಂತ ರಾಯರನ್ನು ನೋಡಿದರು. ತಮ್ಮ ಕಾರಖಾನೆಯಲ್ಲೇ ಎಂದೂ ಕಾಣದ ಏನನ್ನೋ ಕಂಡವರಂತೆ ಅವರ ಮುಖ ಮೆತ್ತಗಾಯಿತು. ಕಾಲಿನ ಪಾದರಕ್ಷೆ ಬಿಟ್ಟು, ಬಿಂದುಮಾಧವನಿಗೆಂದು ತಂದ ಹಾರವನ್ನು ರಾಯರ ಕೊರಳಿಗೆ ಹಾಕಿದರು.

"ನಾಟಕ ಕಂಪನಿ ಬಿಟ್ಟು ಒಬ್ಬ ಮನಷ್ಯಾ ಜಿನ್ನಿನ್ಯಾಗ ನಿಲ್ತಾನಂದ್ರ" ಎಂದರು. ಮಾತು ಮುಗಿಸಲು ಆಗಲಿಲ್ಲ. ಅವರ ದನಿ ಇಳಿಯತೊಡಗಿತ್ತು, ಆದರೆ ಸಿಟ್ಟಿಗಲ್ಲ. ರಾಯರು ಕಿವಿ ಹತ್ತಿರ ಒಯ್ದರು. ಸಾವಕಾರರು ಆ ಕಿವಿಯ ಮೇಲಿಂದಲೇ ಹೊರಗಿನ ಮೋಟಾರಿನ ಕಡೆಗೆ ಕೂಗಿದರು. "ಮುರುಗ್ಯಾ, ಇಳೀ ಕೆಳಗ."

ಮೋಟಾರಿನಿಂದ ಒಬ್ಬ ದಪ್ಪ ಯುವಕ ಆಕಳಿಸುತ್ತ ಇಳಿದ. ಅವನು ಮುರುಗೆಪ್ಪ, ಸಾವಕಾರರ ಹೆಂಡತಿಯ ತಮ್ಮ. ಇವತ್ತು ಸಾವಕಾರರು ಧಾರವಾಡಕ್ಕೆ ಹೋಗಿದ್ದೇ ಅವನನ್ನು ಎಲ್ಲಿಯಾದರೂ ಕೆಲಸಕ್ಕೆ ಹಚ್ಚಲು. ಯಾರೂ ಇಟ್ಟುಕೊಳ್ಳಲಿಲ್ಲ. ಒಂದು ಕಡೆ ಅವನು ಮಾತಾಡುವಾಗಲೇ ನಿದ್ದೆ ಹೋದನಂತೆ.

"ಎಲ್ಲಿ ದಾರ?" ಎಂದರು ಸಾವಕಾರರು.

ಬೇಡವೆನ್ನಲು ರಾಯರು ಬಾಯಿ ತೆರೆಯುವುದರೊಳಗೆ ಶಿವಬಸವ್ವ ಅಂಡಿಗೆ ಹೊಲಿಯುವ ಸುತಳಿಯ ಒಂದು ತುಂಡು ಕಡಿದು ಕೊಟ್ಟಳು. ಪಕ್ಕದವಳು ಬುತ್ತಿಯಿಂದ ಬೆಲ್ಲ ತೆಗೆದಳು. ಎಲ್ಲರೂ ಕೈ ಮುಗಿದು ನಿಂತಿದ್ದರು. ಎಲ್ಲರ ಕಣ್ಣೂ ರಾಯರ ಮೇಲಿತ್ತು. ರಾಯರು ಕಟ್ಟಿದರು.

"ಗುರುವಿನ ಮನ್ಯಾಗ ಇದ್ದ ಕಲೀಬೇಕಂತ ಹಿರ್ಯಾರು ಹೇಳ್ಯಾರ" ಎಂದರು ಕುಬೇರಪ್ಪನವರು. "ಇನ್ನ ಇವ ನಿಮ್ಮ ಮಗ. ಬರೂ ಹಂಗಾಮಿಗೆ ಇವನ್ನ ಇಲ್ಲೇ ಮ್ಯಾನೇಜರ ಮಾಡೋಣು. ತಯಾರಾದ ಅಂದ್ರ ನೀವು ಆರಾಮ ಮನೀಗೆ ಹೋಗ್ರಿ. ತಯಾರಾಗಲಿಲ್ಲಂದ್ರ..." ಅವರ ದನಿ ಇನ್ನೂ ಇಳಿಯಿತು. ಉಳಿದದ್ದು ರಾಯರಿಗೆ ಕೇಳಿಸಲೂ ಬೇಕಾಗಿರಲಿಲ್ಲ. ಹುಡುಗ ಕಲಿತರೂ ಕೆಲಸ ಹೋಗುತ್ತಿತ್ತು, ಕಲಿಯದಿದ್ದರೂ ಹೋಗುತ್ತಿತ್ತು.

ಮೋಟಾರು ಹೊರಟುಹೋಯಿತು. ಮಳೆ ನಿಂತಿತ್ತು. ಅಂಗಳದಲ್ಲಿ ಮುರುಗೆಪ್ಪನ ಟ್ರಂಕು ಮತ್ತು ಬೆಟ್ಟದಂಥ ಹಾಸಿಗೆಯ ಸುರುಳಿ ಇಳಿದಿದ್ದವು. ಬಿಂದುಮಾಧವ ಅವನ ಕಿವಿಯಲ್ಲಿ, ನಮ್ಮ ಗುರುಗಳು ನಾವು ಹೇಳೂಕಿಂತ ಮೊದಲ ಎಲ್ಲಾ ತಿಳಕೋತಾರ, ಎಂದು ಭಕ್ತಿಯಿಂದ ಹೇಳುತ್ತಿದ್ದ. ಮುರುಗೆಪ್ಪ ರಾಯರನ್ನು ಅಡಿಯಿಂದ ಮುಡಿಯತನಕ ನೋಡಿದ. ಅವನ ನಿದ್ದೆಗಣ್ಣು ಮೊದಲ ಸಲ ಪೂರ್ತಿ ತೆರೆಯಿತು. ಅಲ್ಲಿಯೂ ಅದೇ ಬೆರಗು ಮೂಡಿತು. ಬೆರಗಿನಿಂದಲೇ ಹಾಸಿಗೆಯ ಸುರುಳಿಯನ್ನು ಎತ್ತಿ ಗುರುಗಳ ತಲೆಯ ಮೇಲಿಟ್ಟ.

"ಸಾವಕಾಶ ಒಯ್ರಿ ಗುರುಗಳ" ಎಂದ. "ನನಗ ಎದ್ದ ಕೂಡಲೆ ಮತ್ತ ಮಲಗಾಕ ಅದ ಬೇಕಾಗ್ತೈತಿ."